ಅಸೆಲ್ಲಾದ ತಂಪು

ಮಿಯಾಜಿಯಾ ೬, ಸೋಮವಾರ

ಈಸ್ಟರ್ ಹಬ್ಬದ ಕೋಳಿ ಸಾರು ಅರ್ಧ ಪಾತ್ರೆ ಉಳಿಯಿತು. ಈ ಸೆಕೆಗೆ ನಾಳೆಯವರೆಗೆ ನಿಲ್ಲುವುದಿಲ್ಲ. ಮುಂದಿನ ಅಂಗಡಿಗಳ ಬಾಡಿಗೆದಾರರಿಗೆ ಕೊಟ್ಟುಬಿಟ್ಟೆ. ದೊಡ್ಡ ಉಪವಾಸ ಮುಗಿದ ಮರುದಿನ ಈ ಮನೆಯಲ್ಲಿ ಸಾರು ಉಳಿದದ್ದು ನನಗೆ ನೆನಪಿಲ್ಲ.

ಎದುರುಮನೆಯ ಯೆವುಬ್‌ದಾರ್ ಕಾಫಿಗೆ ಬಂದಿದ್ದಳು. ನಾನು ಒಳಗೆ ತಿರುಗಿ, "ಗಾಶೆ, ಏಳ್ತೀರಾ?" ಎಂದೆ. ಅವಳಿಗೆ ನಗು.

"ಮದುವೆಯಾಗಿ ಮೂವತ್ತಾರು ವರ್ಷ ಆಯ್ತು, ಇನ್ನೂ ಗಂಡನ್ನ ಗಾಶೆ, ದೊಡ್ಡಣ್ಣ ಅಂತ ಕರೀತೀಯಲ್ಲೇ ಅಸ್ಕಾಲೆ. ವುಬಿಶೆತ್ ಅಂತ ಒಂದ್ಸಲ ಹೆಸರು ಹಿಡಿದು ಕರೆದು ನೋಡು, ಓಡ್ಕೊಂಡು ಬರ್ತಾರೆ."

ಗಾಶೆ ಓಡಿ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತರು. ಉಸಿರು ತಿರುಗಿದ ಮೇಲೆ ವರಾಂಡದ ಕುರ್ಚಿಯವರೆಗೆ ಬಂದರು. ಯೆವುಬ್‌ದಾರ್ ನಗು ನಿಲ್ಲಿಸಿದಳು.

ಡಾಕ್ಟರು ಹಬ್ಬಕ್ಕೆ ಮೊದಲೇ ಹೇಳಿದ್ದಾರೆ. ಹೃದಯ ದಣಿದಿದೆ, ಈ ದಿರೆ ದಾವಾದ ಸೆಕೆಯಲ್ಲಿ ಅದಕ್ಕೆ ಎರಡರಷ್ಟು ಕೆಲಸ. ಎತ್ತರದ ಊರಿಗೆ ಹೋಗಿ, ನಾನು ಕೊಡುವ ಮಾತ್ರೆಗಿಂತ ಅಲ್ಲಿನ ಗಾಳಿ ಮೇಲು, ಎಂದರು. ಗಾಶೆ ದಾರಿಯುದ್ದಕ್ಕೂ ಗೊಣಗಿದರು: "ಜಿಬೂತಿ ಮರಳುಗಾಡಲ್ಲಿ ಜೀವಮಾನವೆಲ್ಲ ರೈಲು ಎಂಜಿನ್ ಓಡಿಸ್ದೋನು ನಾನು. ಆಗ ಸಾಯದೋನು ಈಗ ನೆರಳಲ್ಲಿ ಕೂತು ಸಾಯ್ತೀನಾ?"

ನಾನು ನಿರ್ಧರಿಸಿದ್ದೇನೆ. ಹೋಗುವುದು.

ಮಿಯಾಜಿಯಾ ೧೫, ಬುಧವಾರ

ಮಾರಾಟಕ್ಕಿಟ್ಟ ನಮ್ಮ ಮನೆ ನೋಡಲು ಜಿಬೂತಿಯಿಂದ ಒಬ್ಬ ವ್ಯಾಪಾರಿ ಬಂದಿದ್ದ. ರೈಲ್ವೆ ಕಾಲದ ಎತ್ತರದ ಛಾವಣಿ, ಸುತ್ತ ವರಾಂಡ, ನೀರಿನ ತೊಟ್ಟಿ, ಬೇವಿನ ಮರ, ಬೀದಿಗೆ ಮುಖಮಾಡಿದ ಎರಡು ಅಂಗಡಿ. ಎಲ್ಲವನ್ನೂ ಮೆಚ್ಚಿದ. ಹಿತ್ತಲಿನ ಕೋಣೆಯ ಮುಂದೆ ನಿಂತು ಬೀಗ ಅಲ್ಲಾಡಿಸಿದ.

"ಇದರಲ್ಲೇನಿದೆ, ತಾಯಿ?"

"ನಮ್ಮದಲ್ಲ, ಇದ್ದಿರಿನದು, ಬೀದಿಯ ಸಾವಿನ ಸಂಘದ್ದು," ಎಂದೆ. ಕೈ ಹಿಂದೆ ತೆಗೆದುಕೊಂಡ. ಸಾವಿನ ಸಾಮಾನನ್ನು ಯಾರೂ ಸುಮ್ಮನೆ ಮುಟ್ಟುವುದಿಲ್ಲ.

ಬೀದಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಹಂಡೆ, ಬೆಂಚು, ಗುಡಾರ ಹೊರಡುವುದು ಈ ಕೋಣೆಯಿಂದ. ಮೊದಲ ಒಲೆ ಹಚ್ಚುವುದು ನಾನು. ಯಾರ ಮನೆಗೆ ಎಷ್ಟು ಬೇಳೆ, ಯಾರು ಅಳುತ್ತಾ ಕೂರಬೇಕು, ಯಾರು ಈರುಳ್ಳಿ ಹೆಚ್ಚಬೇಕು, ಎಲ್ಲ ನನ್ನ ಮಾತು. ಮಕ್ಕಳಿಲ್ಲದವಳಿಗೆ ಇದು ದೊಡ್ಡ ಸಂಸಾರ.

ವ್ಯಾಪಾರಿ ಸೆನೆ ತಿಂಗಳ ಕೊನೆಯವರೆಗೆ ಕಾಯುತ್ತಾನಂತೆ.

ಯೆವುಬ್‌ದಾರ್ ಜೊತೆ ಬೀದಿಯ ಕೊನೆಯ ಮನೆಯ ಮಂತೆಗಬೋಶ್ ಕೂಡ ಕಾಫಿಗೆ ಬಂದಿದ್ದಳು, ಸುದ್ದಿ ಮೂಗಿಗೆ ಬಡಿದಿರಬೇಕು. ಕಾಫಿಯ ಮೂರನೆಯ ಸುತ್ತಿನವರೆಗೂ ಹವೆಯ ಮಾತಾಡಿ ಆಮೇಲೆ ಕೇಳಿದಳು: "ಅಲ್ಲ ಎತಿಯೆ, ಅಕ್ಕಾ, ನೀವು ಬೆಟ್ಟ ಹತ್ತಿದ್ರೆ ಈ ಹಂಡೆಗಳ ಗತಿ? ನನ್ನ ಹಿತ್ತಲೂ ದೊಡ್ಡದೇ ಇದೆ, ಹೇಳ್ದೆ ಅಷ್ಟೇ."

"ನಿನ್ನ ಹಿತ್ತಲಲ್ಲಿ ಮೇಕೆ ಇದಾವೆ," ಎಂದಳು ಯೆವುಬ್‌ದಾರ್. "ಹಂಡೇಲಿ ಮರಿ ಹಾಕ್ತಾವೆ."

ಮಿಯಾಜಿಯಾ ೨೯, ಬುಧವಾರ

ಗಾಶೆಯ ಪಾದ ಊದಿ ಚಪ್ಪಲಿ ಹಿಡಿಸುತ್ತಿಲ್ಲ. ಮಧ್ಯಾಹ್ನ ಒದ್ದೆ ಬಟ್ಟೆ ಹಾಸಿ ಮಲಗಿಸಿದೆ, ಪಕ್ಕದಲ್ಲಿ ಕೂತು ಉಸಿರು ಕೇಳುತ್ತಿದ್ದೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು. ಕೈಯಲ್ಲಿದ್ದ ಕಾಫಿಬೀಜ ಆರಿಸುವುದೇ ಮರೆತುಹೋಯಿತು.

ಒಪ್ಪಿದರು. ಮಾರುವುದು ಆಮೇಲೆ, ಮೊದಲು ಒಂದಿಷ್ಟು ವಾರ ಇದ್ದು ನೋಡುವುದು. ಅವರು ಹುಟ್ಟಿದ್ದು ಬೆಟ್ಟದ ಮೇಲಿನ ಅಸೆಲ್ಲಾ ಕಡೆ. ಈಗ ಅಲ್ಲಿ ಯಾರೂ ಇಲ್ಲ, ಆದರೆ ಶಶೀತು ಎಂಬ ಹೆಂಗಸು ಅಂಗಳದ ಪಕ್ಕದ ಎರಡು ಕೋಣೆ ಬಾಡಿಗೆಗೆ ಕೊಡುತ್ತಾಳೆಂದು ತಿಳಿಯಿತು.

ಯೆವುಬ್‌ದಾರ್ ಸಾಮಾನು ಕಟ್ಟಲು ಬಂದಳು. ಮೂರು ಕಂಬಳಿ ತುರುಕಿದ ಮೇಲೆ ಕೇಳಿದಳು: "ಕೋಣೆ ಬೀಗದ ಕೈ ಕೊಟ್ಟು ಹೋಗೇ."

"ನಾಲ್ಕು ದಿನದ ಮಾತಿಗೆ ಯಾಕೆ? ನಿನ್ನ ಸೊಂಟದಲ್ಲಿ ಕಂಡ್ರೆ ಸಾಕು, ಅಸ್ಕಾಲೆ ಬಿಟ್ಟೇ ಹೋದ್ಲು ಅಂತ ಮಂತೆಗಬೋಶ್ ಸಂತೇಲಿ ಡಂಗುರ ಹೊಡೀತಾಳೆ."

"ಹಂಗಾದ್ರೆ ಅಸ್ಕಾಲೆ ಬರೋ ತನಕ ಯಾರೂ ಸಾಯಬೇಡಿ ಅಂತ ನಾನೂ ಡಂಗುರ ಹೊಡೀತೀನಿ."

"ಹೊಡಿ."

ನಕ್ಕೆವು. ಹೊರಡುವ ಬೆಳಿಗ್ಗೆ ಕೊಟ್ಟರಾಯಿತು.

ಗಿನ್ಬೋತ್ ೬, ಬುಧವಾರ, ಅಸೆಲ್ಲಾ

ಬಸ್ಸಿನ ಪ್ರಯಾಣವನ್ನು ಬರೆಯುವಷ್ಟು ತ್ರಾಣವಿಲ್ಲ. ಬೆವರಿನಲ್ಲಿ ಎಲ್ಲರೂ ಬೇಯುತ್ತಿದ್ದರೂ ಒಬ್ಬರೂ ಕಿಟಕಿ ತೆರೆಯಲು ಬಿಡಲಿಲ್ಲ. ಗಾಶೆಗೆ ಉಸಿರು ಸಾಲುತ್ತಿಲ್ಲವೆಂದು ನಾನು ಒಂದು ಬೆರಳಿನಷ್ಟು ಸರಿಸಿದೆ. ಹಿಂದಿನ ಸೀಟಿನವನು ತನ್ನ ಹೊದಿಕೆಯನ್ನು ಕಿವಿಗೆ ಸುತ್ತಿಕೊಂಡು, "ಎತಿಯೆ, ಕುತ್ತಿಗೆಗೆ ಗಾಳಿ ಹೊಡೆದ್ರೆ ನೀವು ಬಂದು ತಿಕ್ತೀರಾ?" ಎಂದ. ಗಾಶೆಯೇ ಕೈ ಚಾಚಿ ಮುಚ್ಚಿದರು. ಗಾಳಿ ಹೊಡೆದರೆ ಕಾಯಿಲೆ ಎಂದು ಅವರೂ ಇಷ್ಟು ವರ್ಷ ಹೇಳಿದವರೇ.

ಟಿಕೆಟಿಗೆ ಚೀಲದಲ್ಲಿ ಕೈಹಾಕಿದಾಗ ಬೀಗದ ಕೈ ಸಿಕ್ಕಿತು. ಬೆಳಗಿನ ಗಡಿಬಿಡಿಯಲ್ಲಿ ಮರೆತಿದ್ದೆ.

ಇಲ್ಲಿ ಇಳಿದಾಗ ಹಲ್ಲು ಕಟಕಟಿಸುವ ಚಳಿ. ಗಾಶೆ ಬಾಯಿ ತೆರೆದು ನಿಂತರು, ಬಾಯಾರಿದವನು ನಲ್ಲಿಗೆ ಬಾಯಿ ಒಡ್ಡಿದ ಹಾಗೆ.

ಗಿನ್ಬೋತ್ ೯, ಶನಿವಾರ

ಗಾಶೆ ರಾತ್ರಿಯಿಡೀ ನಿದ್ದೆ ಮಾಡಿದರು. ಬೆಳಿಗ್ಗೆ ನಾನೇ ಎಬ್ಬಿಸಬೇಕಾಯಿತು.

ನನಗೆ ಮೂಗು ಸೋರುತ್ತಿದೆ. ಶಶೀತು ಬಾರ್ಲಿ ಮುದ್ದೆಯ ನಡುವೆ ಗುಳಿ ಮಾಡಿ ಖಾರದ ಬೆಣ್ಣೆ ತುಂಬಿಸಿ ತಂದಳು. ವಯಸ್ಸು ನನ್ನಷ್ಟೇ, ಧ್ವನಿ ಮಾತ್ರ ದನ ಕರೆಯುವವಳದು. "ತಿನ್ನಮ್ಮ, ತಿನ್ನು. ಕೆಳಗಿನ ಊರೋರು ಎಲ್ಲ ಬತ್ತಿ ಹೋಗಿರ್ತೀರಿ, ಒಣಮೀನಿನ ಥರ." ಗಾಶೆ ಅವಳೊಡನೆ ಓರೊಮೊ ಭಾಷೆಯಲ್ಲಿ ಮಾತಾಡಿದರು. ಮೂವತ್ತಾರು ವರ್ಷ ಅವರ ಬಾಯಲ್ಲಿ ಕೇಳದ ಪದಗಳು.

ಬೀಗದ ಕೈಯನ್ನು ಬಸ್ಸಿನವರ ಹತ್ತಿರ ಕಳಿಸಬಹುದೆಂದರು ಗಾಶೆ. ಬಸ್ಸಿನವರನ್ನು ಯಾರು ನಂಬುತ್ತಾರೆ.

ಗಿನ್ಬೋತ್ ೧೭, ಭಾನುವಾರ

ಗಾಶೆ ಸಂತೆಯವರೆಗೆ ನಡೆದು ಹೋಗಿ ಬಂದರು. ಎಲೆಕೋಸಿನ ಸಸಿ ತಂದು ಬೇಲಿಯ ಪಕ್ಕ ನೆಟ್ಟರು. ಹಾದಿಹೋಕರನ್ನೆಲ್ಲ ನಿಲ್ಲಿಸಿ ಯಾರ ಮಗ, ಯಾರ ಮೊಮ್ಮಗ ಎಂದು ಕೇಳುತ್ತಾರೆ.

ನಾನು ಕಾಫಿ ಹುರಿದೆ. ನಮ್ಮ ಬೀದಿಯಲ್ಲಿ ಹುರಿದ ವಾಸನೆ ಗೋಡೆ ದಾಟಿದರೆ ಸಾಕು, ಎರಡನೆಯ ಸುತ್ತಿಗೆ ಮುಂಚೆ ವರಾಂಡ ತುಂಬುತ್ತದೆ. ಬಾಗಿಲು ತೆರೆದಿಟ್ಟೆ. ಆರು ಬಟ್ಟಲು ಜೋಡಿಸಿದ್ದೆ. ಯಾರೂ ಬರಲಿಲ್ಲ. ಸಂಜೆ ಶಶೀತು ಹೇಳಿದಳು, ಈ ಕಡೆ ಮನೆಮನೆಗೆ ಹೋಗಿ ಕರೆಯಬೇಕಂತೆ. "ಕರೀದೆ ಹುರಿದ್ರೆ, ಒಬ್ಳೇ ಕುಡಿಯೋಕೆ ಹುರಿದ್ಲು ಅಂತಾರೆ. ಈಗಾಗ್ಲೇ ಅಂದಾಯ್ತು ಬಿಡು."

ಮೂರು ಸುತ್ತನ್ನೂ ನಾನೇ ಕುಡಿದಿದ್ದೆ. ಚೆಲ್ಲುವುದಕ್ಕೆ ಮನಸ್ಸಾಗಲಿಲ್ಲ.

ಯೆವುಬ್‌ದಾರ್‌ಗೆ ಫೋನು ಮಾಡಿದೆ. ಕೆಳಗೆ ಗಾಳಿಯೇ ಇಲ್ಲವಂತೆ, ಕಾಗೆಗಳು ಕೊಕ್ಕು ತೆರೆದುಕೊಂಡು ಕೂತಿವೆಯಂತೆ. ಬೀಗದ ಕೈ ವಿಷಯ ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಗಿನ್ಬೋತ್ ೨೩, ಶನಿವಾರ

ಮೂರು ಮನೆ ಆಚೆ ಒಬ್ಬ ಮುದುಕ ತೀರಿಕೊಂಡ. ಅಳು ಕೇಳುತ್ತಲೇ ಕಪ್ಪಂಚಿನ ಬಿಳಿ ಹೊದಿಕೆ ಹೊದ್ದು ಹೊರಟೆ. ಅಂಗಳದಲ್ಲಿ ಒಲೆ ಹಚ್ಚಿದ್ದರು, ಹಂಡೆಯಲ್ಲಿ ಈರುಳ್ಳಿ ತಳ ಹಿಡಿಯುತ್ತಿತ್ತು, ನೋಡುವವರಿಲ್ಲ. ಸೌಟು ತೆಗೆದುಕೊಂಡೆ. ಎರಡು ಸಲ ತಿರುವಿದ್ದೆನಷ್ಟೆ. ಒಬ್ಬ ಹೆಂಗಸು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸೌಟು ತೆಗೆದುಕೊಂಡಳು. ಒರಟಾಗಿ ಅಲ್ಲ.

"ನೀವು ಅತಿಥಿಗಳು, ಅಮ್ಮ. ಕೂತ್ಕೊಳ್ಳಿ."

ಗುಡಾರದಲ್ಲಿ ಕೂರಿಸಿದರು. ಕೈ ತೊಳೆಯಲು ನೀರು ತಂದರು. ನನಗೆ, ಸಾವಿನ ಮನೆಯಲ್ಲಿ, ಕೈ ತೊಳೆಯಲು ನೀರು ತಂದರು.

ಸಾರಿಗೆ ಉಪ್ಪು ಹೆಚ್ಚಾಗಿತ್ತು.

ಗಿನ್ಬೋತ್ ೨೪, ಭಾನುವಾರ

ಶಶೀತುವಿಗೆ ಎಲ್ಲ ತಿಳಿದಿದೆ. "ಇಲ್ಲಿನ ಇದ್ದಿರಿಗೆ ಸೇರಿ ವರ್ಷ ಆಗೋ ತನಕ ಒಲೆ ಮುಟ್ಟೋ ಹಾಗಿಲ್ಲ. ಅವರೂ ನಿಮ್ಮನೇಗೆ ಬರೋ ಹಾಗಿಲ್ಲ."

"ವರ್ಷದೊಳಗೆ ನಮ್ಮಲ್ಲೇ ಏನಾದ್ರೂ ಆದ್ರೆ?"

"ನಾನು ಬರ್ತೀನಿ," ಎಂದಳು. "ನಾನೊಬ್ಳೇ. ಆದ್ರೆ ನಾನು ಜೋರಾಗಿ ಅಳ್ತೀನಿ, ನಾಲ್ಕು ಜನರ ಲೆಕ್ಕ."

ಗಾಶೆ ಕೋಸಿನ ಪಾತಿಯಿಂದ ತಲೆಯೆತ್ತಿ ನಕ್ಕರು. ಅವರಿಗೆ ಎಲ್ಲವೂ ನಗು ಈಗ. ಒಳಗೆ ಬಂದ ಮೇಲೆ ಹೇಳಿದೆ: "ನಗೋದಲ್ಲ ಗಾಶೆ. ದಿರೆ ದಾವಾದಲ್ಲಿ ಆಗಿದ್ರೆ ಬೀದಿಗೆ ಬೀದಿಯೇ ಹಿಂದೆ ಬರುತ್ತೆ. ಇಲ್ಲಿ ಹೊರೋಕೆ ನಾಲ್ಕು ಜನ ಎಲ್ಲಿಂದ ತರ್ಲಿ?"

"ಚೆನ್ನಾಗಿ ಹೂಳ್ತಾರೆ ಅಂತ ಬೇಗ ಸಾಯ್ಬೇಕಾ, ಅಸ್ಕಾಲೆ?"

ಮನುಷ್ಯ ಹೇಗೂ ಒಂದು ದಿನ ಸಾಯುತ್ತಾನೆ. ಅವತ್ತು ಯಾರೂ ಇಲ್ಲದಿದ್ದರೆ ಎಂಬ ಮಾತು ಇವರ ತಲೆಗೆ ಹೋಗುತ್ತಲೇ ಇಲ್ಲ.

ಸೆನೆ ೩, ಮಂಗಳವಾರ

ಯೆವುಬ್‌ದಾರ್.

ಬೆಳಿಗ್ಗೆ ಇದ್ದಿರಿನ ಯಜಮಾನ ಅತೋ ಶಿಬೆಶಿ ಫೋನು ಮಾಡಿದರು. ನಿನ್ನೆ ಮಧ್ಯಾಹ್ನ ಸಂತೆಯಿಂದ ಬಂದವಳು ತಲೆ ಸಿಡಿಯುತ್ತದೆಂದು ಮಲಗಿದಳಂತೆ, ಮತ್ತೆ ಏಳಲಿಲ್ಲವಂತೆ. ನಾನು ಏನೇನೋ ಕೇಳುತ್ತಿದ್ದೆ. ಅವರು ಕೇಳಿಸಿಕೊಂಡು ಕೊನೆಗೆ, "ಎತಿಯೆ ಅಸ್ಕಾಲೆ, ಕೋಣೆ ಬೀಗದ ಕೈ ಯಾರ ಹತ್ರ ಇದೆ?" ಎಂದರು.

ಚೀಲ ಗೋಡೆಯ ಮೊಳೆಗೆ ನೇತಾಡುತ್ತಿತ್ತು.

"ಒಡೀರಿ," ಎಂದೆ.

"ಒಡೀತೀವಿ. ಒಡೆಯೋದೇನು ದೊಡ್ಡದಲ್ಲ."

ಇವತ್ತೇ ಮಧ್ಯಾಹ್ನ ಮಣ್ಣು. ಬಸ್ಸು ನಾಳೆ ಮುಂಜಾನೆಗೆ. ನಾನೊಬ್ಬಳೇ ಹೋಗುತ್ತೇನೆ, ಗಾಶೆ ಇಲ್ಲೇ ಇರಲಿ.

ಸೆನೆ ೫, ಗುರುವಾರ, ದಿರೆ ದಾವಾ

ಮೂರನೆಯ ದಿನದ ಕಾರ್ಯಕ್ಕೆ ಮುಟ್ಟಿದೆ. ಗುಡಾರದ ಬಾಗಿಲಲ್ಲೇ ಎದೆ ಬಡಿದುಕೊಂಡು ಅತ್ತೆ. ಹೆಂಗಸರು ಎದ್ದು ನನ್ನೊಡನೆ ಅತ್ತರು, ಆಮೇಲೆ ಜಾಗ ಬಿಟ್ಟು ಕೂತರು. ಜಾಗ ಸ್ವಲ್ಪ ಹೆಚ್ಚೇ ಬಿಟ್ಟರು.

ಬೀಗ ಒಡೆಯಲು ಕಮ್ಮಾರ ಸಿಗುವಷ್ಟರಲ್ಲಿ ಹೊತ್ತಾಗಿತ್ತಂತೆ. ಸ್ಮಶಾನದಿಂದ ಬಂದ ಜನ ಬಿಸಿಲಲ್ಲಿ ನಿಂತಿದ್ದರಂತೆ, ಗುಡಾರವಿಲ್ಲದೆ. ಪಕ್ಕದ ಬೀದಿಯ ಮುಸ್ಲಿಂ ಹೆಂಗಸರು ತಮ್ಮ ಸಂಘದ ಹಂಡೆಗಳನ್ನು ತಾವೇ ಹೊತ್ತು ತಂದರಂತೆ. "ಸೆನೆ ಉಪವಾಸದ ಹೊತ್ತಲ್ಲಿ ಹೋದ್ಲು, ಪುಣ್ಯಾತ್ಗಿತ್ತಿ," ಎಂದಳು ಮಂತೆಗಬೋಶ್. "ಬರೀ ಬೇಳೆ ಆದ್ದರಿಂದ ಆಯ್ತು. ಮಾಂಸದ ದಿನ ಆಗಿದ್ರೆ ನಾವು ಕೊಯ್ದದ್ದನ್ನ ಅವರ ಹಂಡೇಲಿ ಬೇಯಿಸೋ ಹಾಗಿತ್ತಾ?"

ನಮ್ಮ ಇದ್ದಿರಿನ ಹಂಡೆಗಳು ಈಗ ಅವಳ ಹಿತ್ತಲಲ್ಲಿವೆ.

ಕಾಫಿ ಹುರಿಯುವಾಗ ಎದುರುಮನೆಯತ್ತ ನೋಡಿ ಕೂಗಲು ಬಾಯಿ ತೆರೆದೆ. ಅದು ಎಷ್ಟು ದಿನ ಹೀಗೆ ತೆರೆಯುತ್ತದೋ. ಅವಳ ಅಂಗೈಗೆ ಒಂದು ಕಬ್ಬಿಣದ ಚೂರು ಹಾಕುವುದು ನನ್ನಿಂದ ಆಗಲಿಲ್ಲ. ಕೇಳಿದ್ದಳು, ಬಾಯಿಬಿಟ್ಟು ಕೇಳಿದ್ದಳು.

ಸೆನೆ ೧೨, ಗುರುವಾರ

ಮಿಕಾಯೇಲನ ಹಬ್ಬ. ಚರ್ಚಿನಿಂದ ಬರುತ್ತಾ ನಾಲ್ಕು ಹೆಂಗಸರು ವರಾಂಡಕ್ಕೆ ಬಂದರು. ಎರಡನೆಯ ಸುತ್ತಿಗೆ ನಾಲಿಗೆ ಸಡಿಲವಾಯಿತು. ಮಂತೆಗಬೋಶ್ ಹಂಡೆಯನ್ನು ಬೂದಿ ಹಾಕಿ ತಿಕ್ಕುವುದಿಲ್ಲವಂತೆ. ಮೇಕೆಗಳು ಬೆಂಚು ನೆಕ್ಕುತ್ತವಂತೆ. ಯಾರೋ ಕೇಳಿದ್ದಕ್ಕೆ, "ನಿಮ್ಮ ಅಸ್ಕಾಲೆ ಬೆಟ್ಟದ ಮೇಲೆ ತಂಪು ಕುಡೀತಿದ್ದಾಗ ಒಲೆ ಹಚ್ಚಿದ್ದು ನಾನು," ಎಂದಳಂತೆ.

ಅತೋ ಶಿಬೆಶಿಯೂ ಬಂದರು. ಟೋಪಿ ತೊಡೆಯ ಮೇಲಿಟ್ಟುಕೊಂಡು ಮಾತಾಡುವವರು. "ಆದದ್ದು ಆಯ್ತು, ಎತಿಯೆ. ಜನಕ್ಕೆ ನಿಮ್ಮ ಕೈ ಬೇಕು. ಆದ್ರೆ ಕೋಣೆ ಊರಲ್ಲಿರೋರ ಹತ್ರ ಇರ್ಬೇಕು. ನೀವು ಊರಲ್ಲಿರ್ತೀರಿ ಅಂದ್ರೆ ತಿಂಗಳ ಕೊನೆ ಸಭೇಲಿ ನಾನೇ ಮಾತು ಎತ್ತುತ್ತೀನಿ."

ಯೋಚಿಸುತ್ತೇನೆ ಎಂದೆ. ಅವರು ಹೋದ ಮೇಲೆ ಹಿತ್ತಲಿನ ಕೋಣೆ ಗುಡಿಸಿದೆ. ಹೇಗೂ ಧೂಳು ಕೂತಿತ್ತು.

ಸೆನೆ ೨೦, ಶುಕ್ರವಾರ

ಗಾಶೆ ಫೋನು ಮಾಡಿದ್ದರು. ಧ್ವನಿ ಚೆನ್ನಾಗಿದೆ. ಕೋಸು ಗಡ್ಡೆ ಕಟ್ಟುತ್ತಿದೆಯಂತೆ. ಪಾದದ ಊತ ಇಳಿದು ಹಳೆಯ ಬೂಟು ಹಿಡಿಸಿತಂತೆ. ಶಶೀತು ಊಟಕ್ಕೆ ಕರೆದು ಬೈಯುತ್ತಾಳಂತೆ, ಬೈದು ಬಡಿಸುತ್ತಾಳಂತೆ.

"ಯಾವಾಗ ಬರ್ತೀಯ?"

"ಸಭೆ ಒಂದು ಮುಗೀಲಿ."

ಆ ಕಡೆ ಮಳೆ ತಗಡಿನ ಮೇಲೆ ಬೀಳುವುದು ಕೇಳುತ್ತಿತ್ತು.

"ಅಲ್ಲೇ ಇರೋಣ ಅನ್ಸಿದ್ಯಾ ನಿಂಗೆ?"

"ನಂಗೆ ಅಂತಲ್ಲ, ಗಾಶೆ. ಜನ ಕೇಳ್ತಿದಾರೆ. ಯೆವುಬ್‌ದಾರ್ ನಲವತ್ತನೇ ದಿನದ ಕಾರ್ಯ ಬೇರೆ ಬರ್ತಿದೆ. ಅದನ್ನಾದ್ರೂ ನನ್ನ ಕೈಯಲ್ಲಿ ಮಾಡ್ಬೇಡ್ವಾ?"

"ಹಂಗಾದ್ರೆ ನಾನೇ ಬರ್ತೀನಿ," ಎಂದರು. "ಒಬ್ಬೊಬ್ರು ಒಂದೊಂದು ಊರಲ್ಲಿರೋ ವಯಸ್ಸಲ್ಲ ಇದು."

ಅವರೇ ಹೇಳಿದ್ದು. ನಾನು ಬನ್ನಿ ಎನ್ನಲಿಲ್ಲ. ಇನ್ನೇನು ಮಳೆಗಾಲ, ಇಲ್ಲಿಯೂ ಸೆಕೆ ಇಳಿಯುತ್ತದೆ. ಕಳೆದ ವರ್ಷ ಹಾಮ್ಲೆ ತಿಂಗಳಲ್ಲಿ ಒಂದೆರಡು ದಿನ ಚಳಿಯೇ ಆಗಿತ್ತಲ್ಲ.

ಸೆನೆ ೨೪, ಮಂಗಳವಾರ

ಬಂದರು. ಬಸ್‌ ನಿಲ್ದಾಣದಿಂದ ಬಜಾಜ್ ಆಟೋದಲ್ಲಿ ಕರೆತಂದೆ. ಶಶೀತು ಬಾಳೆಯೆಲೆಯಲ್ಲಿ ಕಟ್ಟಿ ಕಳಿಸಿದ ಬೆಣ್ಣೆ ದಾರಿಯಲ್ಲೇ ಕರಗಿ ಅವರ ಕೋಟಿಗೆಲ್ಲ ಮೆತ್ತಿತ್ತು. ಕೋಸು ಬಲಿಯಲು ಬಿಡದೆ ಕಿತ್ತು ತಂದಿದ್ದಾರೆ, ಮುಷ್ಟಿಯಷ್ಟು ದೊಡ್ಡವು.

"ಎಲ್ಲಾ ಹಂಗೇ ಇದೆ," ಎಂದರು ವರಾಂಡದ ಕುರ್ಚಿಯಲ್ಲಿ ಕೂತು. ಬೂಟು ಬಿಚ್ಚಲು ಬಗ್ಗಿದವರು ಅರ್ಧಕ್ಕೆ ನಿಂತು ಕೈ ಮಂಡಿಯ ಮೇಲಿಟ್ಟುಕೊಂಡರು. ಪ್ರಯಾಣದ ಸುಸ್ತು. ನಾನು ಬಿಚ್ಚಿದೆ.

ಜಿಬೂತಿಯ ವ್ಯಾಪಾರಿಗೆ ಮನೆ ಮಾರುವುದಿಲ್ಲವೆಂದು ಹೇಳಿ ಕಳಿಸಿದೆವು. ಮಧ್ಯಾಹ್ನ ಅವರನ್ನು ಮಲಗಿಸಿ ನಾನು ಈರುಳ್ಳಿ ವ್ಯಾಪಾರದವನನ್ನು ನೋಡಲು ಹೋದೆ. ನಲವತ್ತನೆಯ ದಿನಕ್ಕೆ ಈಗಲೇ ಹೇಳಿಡದಿದ್ದರೆ ಕೊಳೆತದ್ದು ಕೊಡುತ್ತಾನೆ.

ಸೆನೆ ೨೯, ಭಾನುವಾರ

ಸಭೆ ಮುಗಿಯಿತು. ಮಂತೆಗಬೋಶ್ ಎದ್ದು ನಿಂತು, "ನನಗೇನು ಹಂಡೆ ಆಸೆ ಇಲ್ಲ. ಆದ್ರೆ ಇನ್ನೊಂದ್ಸಲ ತಂಪು ಬೇಕಾದಾಗ ಹೇಳಿ ಹೋಗ್ಲಿ," ಎಂದಳು. ಜನ ನಕ್ಕರು. ನಾನೂ ನಕ್ಕೆ. ಅತೋ ಶಿಬೆಶಿ ಹೊಸ ಬೀಗ, ಹೊಸ ಕೈ ನನಗೆ ಕೊಟ್ಟರು. ಇನ್ನೊಂದು ಕೈ ಸಂಘದಲ್ಲೇ ಇರಲಿ ಎಂದು ನಾನೇ ಹೇಳಿದೆ. ಎಲ್ಲರೂ ಮೆಚ್ಚಿದರು. ಯೆವುಬ್‌ದಾರ್ ಇದ್ದಿದ್ದರೆ ಏನಾದರೂ ಒಂದು ಅಂದು ನನ್ನ ಮುಖ ಕೆಂಪು ಮಾಡುತ್ತಿದ್ದಳು.

ತಗಡಿನ ಛಾವಣಿಯ ಕೆಳಗೆ ಎಲ್ಲರೂ ಬಟ್ಟೆಯಂಚಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಮಳೆಗಾಲದ ಸುಳಿವೇ ಇಲ್ಲ. ನಾನು ಮಾತಾಡಲು ಎದ್ದೆ: ಹಂಡೆಗೆ ಬೂದಿಯೇ ಹಾಕಬೇಕು, ಸೋಪು ಅಲ್ಲ, ಬೆಂಚುಗಳಿಗೆ ಕಾಲು ಹಾಕಿಸಬೇಕು. ಇಷ್ಟು ಜನ ನನ್ನನ್ನೇ ನೋಡುತ್ತಾ ಕೂತು ತುಂಬಾ ದಿನವಾಗಿತ್ತು.

ಹಿಂದಿನ ಸಾಲಿನಲ್ಲಿ ಗದ್ದಲವಾಯಿತು. ಅಲ್ಲಿ ಕೂತಿದ್ದ ಗಾಶೆಯನ್ನು ಕುರ್ಚಿಸಮೇತ ಎತ್ತಿ ಹೊರಗೆ ಮರದ ಕೆಳಗೆ ಇಟ್ಟರು. ನಾನು ನಿಂತ ಕಡೆಯಿಂದ ಬಾಗಿಲಾಚೆ ಕಾಣುತ್ತಿತ್ತು. ಯಾರೋ ಅಂಗಿಯ ಗುಂಡಿ ಬಿಚ್ಚಿದರು, ಯಾರೋ ತಲೆಗೆ ನೀರು ಹಾಕಿದರು. ಗಾಶೆ ನನ್ನ ಕಡೆ ಕೈ ಎತ್ತಿದರು. ಏನಿಲ್ಲ, ಮಾತು ನಿಲ್ಲಿಸಬೇಡ ಎಂದಿರಬೇಕು. ಅಥವಾ ಕರೆದರೋ.

ಗುಡಾರದ ಹೊಲಿಗೆಯ ವಿಷಯ ಬಾಕಿ ಇತ್ತು. ನಾನು ಮುಂದುವರಿಸಿದೆ.